ಪೌರತ್ವದ ಹೊಸ್ತಿಲು

ಹುಟ್ಟಿದ ಊರನ್ನು ಬಿಟ್ಟು ಅನ್ನವನ್ನರಸಿ ಪರಸ್ಥಳಕ್ಕೆ ಹೋಗುವುದು ಮಾನವನಿಗೆ ಹೊಸದಲ್ಲ. ಬರಗಾಲ, ಸಾಲ, ಯುದ್ಧ, ವ್ಯಾಪಾರ, ವಿದ್ಯೆಯ ಹಂಬಲ ಇವುಗಳಲ್ಲಿ ಒಂದಲ್ಲ ಒಂದು ಕಾರಣದಿಂದ ಜನರು ನದಿಗಳನ್ನೂ ಸಮುದ್ರಗಳನ್ನೂ ದಾಟಿಹೋಗಿದ್ದಾರೆ. ಆದರೆ ನದಿಯನ್ನು ದಾಟಲು ದೋಣಿಯೊಂದಿದ್ದರೆ ಸಾಕು. ರಾಷ್ಟ್ರದ ಗಡಿಯನ್ನು ದಾಟಲು ಕಾನೂನಿನ ಅಪ್ಪಣೆ ಬೇಕು.

ಈ ಅಪ್ಪಣೆಯಲ್ಲಿ ಮೂರು ಹಂತಗಳುಂಟು. ಮನೆಯೊಂದರ ಹೋಲಿಕೆಯಿಂದ ಅವುಗಳನ್ನು ಸುಲಭವಾಗಿ ತಿಳಿಯಬಹುದು. ಅತಿಥಿಯಾಗಿ ಬಂದವನು ನಾಲ್ಕು ದಿನ ಇದ್ದು ಹೋಗುತ್ತಾನೆ. ಬಾಡಿಗೆಗೆ ಇರುವವನು ಕರಾರಿನ ಪ್ರಕಾರ ಅಲ್ಲಿಯೇ ವಾಸಮಾಡುತ್ತಾನೆ. ಕರಾರು ಮುಗಿದರೆ ಹೊರಡಬೇಕಾಗುತ್ತದೆ. ಮನೆಯ ಮಗನಾದರೋ ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಮನೆಯ ವ್ಯವಹಾರಗಳಲ್ಲಿ ಅವನ ಮಾತಿಗೂ ಬೆಲೆಯಿದೆ. ಪರದೇಶಕ್ಕೆ ಹೋಗುವವನಿಗೆ ಅವನ ಸ್ವಂತ ಸರಕಾರವು ಕೊಡುವ ಗುರುತಿನ ರಹದಾರಿಯೇ ಪಾಸ್‌ಪೋರ್ಟು. ಒಳಗೆ ಬರಬಹುದೆಂದು ಆ ಪರದೇಶವು ಕೊಡುವ ಒಪ್ಪಿಗೆಯೇ ವೀಸಾ. ದುಡಿಯುವುದಕ್ಕೆ ಬೇರೆ ವೀಸಾ ಬೇಕು. ಖಾಯಮ್ಮಾಗಿ ನೆಲೆಸುವುದಕ್ಕೆ ಬೇರೆ ಅನುಮತಿ ಬೇಕು. ಇವೆಲ್ಲವನ್ನೂ ದಾಟಿದ ಮೇಲೆ ದೊರೆಯುವುದು ಪೌರತ್ವ.

ಈ ಹೊಸ್ತಿಲುಗಳು ಕೇವಲ ಕಾಗದಪತ್ರಗಳ ಮಾತಲ್ಲ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ನಿರ್ಧರಿಸುವಲ್ಲಿ ರಾಷ್ಟ್ರವೊಂದರ ನ್ಯಾಯಬುದ್ಧಿಯ ಪರೀಕ್ಷೆಯೇ ನಡೆಯುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಭಾರತೀಯರು ಪೌರತ್ವಕ್ಕಾಗಿ ನಡೆಸಿದ ಹೋರಾಟದ ಕಥೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರೂ ನಿವೃತ್ತ ಸೈನಿಕರೂ ಶಾಂತಸಾಗರವನ್ನು ದಾಟಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯನ್ನು ಸೇರತೊಡಗಿದರು. ಮರಕೊಯ್ಯುವ ಕಾರ್ಖಾನೆಗಳಲ್ಲಿ, ರೈಲುಹಾದಿಗಳ ಮೇಲೆ, ಹಣ್ಣಿನ ತೋಟಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅವರು ಶ್ರಮಜೀವಿಗಳು, ಕಡಿಮೆ ಕೂಲಿಗೂ ದುಡಿಯುತ್ತಿದ್ದರು. ಇದರಿಂದ ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಬಿಳಿಯ ಕಾರ್ಮಿಕರು ರೊಚ್ಚಿಗೆದ್ದರು. ೧೯೦೭ರ ಸೆಪ್ಟೆಂಬರ್ ೪ರಂದು ವಾಷಿಂಗ್ಟನ್ ಸಂಸ್ಥಾನದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ನೂರಾರು ಜನರ ಗುಂಪು ಭಾರತೀಯ ಕಾರ್ಮಿಕರ ಬಿಡಾರಗಳಿಗೆ ನುಗ್ಗಿ, ಅವರನ್ನು ಹೊಡೆದು, ಊರಿನಿಂದಲೇ ಓಡಿಸಿತು.

ನೆರೆಯ ಕೆನಡದಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. ಭಾರತವೂ ಕೆನಡವೂ ಆಗ ಒಂದೇ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದವು. ಆದಕಾರಣ ಭಾರತೀಯರು ಬರಕೂಡದೆಂದು ನೇರವಾಗಿ ಹೇಳುವುದು ಅಲ್ಲಿಯ ಸರಕಾರಕ್ಕೆ ಮುಜುಗರದ ಸಂಗತಿಯಾಗಿತ್ತು. ೧೯೦೮ರಲ್ಲಿ ಅದು ಒಂದು ಉಪಾಯವನ್ನು ಹೂಡಿತು. ಹುಟ್ಟಿದ ದೇಶದಿಂದ ಎಲ್ಲಿಯೂ ಪ್ರಯಾಣವನ್ನು ತಡೆಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂದು ನಿಯಮ ಮಾಡಿತು. ಭಾರತದಿಂದ ಕೆನಡಕ್ಕೆ ಅಂತಹ ನೇರ ಪ್ರಯಾಣದ ಸೌಕರ್ಯ ದೊರೆಯುತ್ತಿರಲಿಲ್ಲ. ನಿಯಮದಲ್ಲಿ ಭಾರತದ ಹೆಸರಿಲ್ಲ. ಆದರೆ ಬಾಗಿಲು ಮುಚ್ಚಿದ್ದು ಭಾರತೀಯರಿಗೇ.

ಈ ನಿಯಮವನ್ನು ಪರೀಕ್ಷಿಸಬೇಕೆಂದು ಗುರುದಿತ್ ಸಿಂಗ್ ಎಂಬ ಉದ್ಯಮಿಯು 'ಕೋಮಗಾಟ ಮಾರು' ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದನು. ೩೭೬ ಪ್ರಯಾಣಿಕರನ್ನು ಹೊತ್ತ ಆ ಹಡಗು ೧೯೧೪ರ ಮೇ ೨೩ರಂದು ವ್ಯಾಂಕೂವರ್ ಬಂದರನ್ನು ಮುಟ್ಟಿತು. ಆದರೆ ಕೆಲವೇ ಮಂದಿಯನ್ನು ಬಿಟ್ಟು ಉಳಿದವರಿಗೆ ನೆಲದ ಮೇಲೆ ಕಾಲಿಡಲು ಅವಕಾಶ ಸಿಗಲಿಲ್ಲ. ದಡವು ಕಣ್ಣೆದುರಿಗೇ ಇದ್ದರೂ ಅವರು ಎರಡು ತಿಂಗಳ ಕಾಲ ನೀರಿನ ಮೇಲೆಯೇ ಕಳೆದರು. ಜುಲೈ ೨೩ರಂದು ಹಡಗು ಹಿಂದಿರುಗಿತು. ಸೆಪ್ಟೆಂಬರ್ ೨೯ರಂದು ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದ ಪ್ರಯಾಣಿಕರ ಮೇಲೆ ಬ್ರಿಟಿಷ್ ಸರಕಾರದ ಪೊಲೀಸರು ಗುಂಡು ಹಾರಿಸಿದರು. ಸುಮಾರು ಇಪ್ಪತ್ತು ಮಂದಿ ಪ್ರಯಾಣಿಕರು ಪ್ರಾಣ ಕಳೆದುಕೊಂಡರು. ಶತಮಾನವೊಂದು ಕಳೆದ ಮೇಲೆ, ೨೦೧೬ರಲ್ಲಿ, ಕೆನಡದ ಪ್ರಧಾನಮಂತ್ರಿ ಜಸ್ಟಿನ್ ಟ್ರೂಡೋ ಅವರು ತಮ್ಮ ಸಂಸತ್ತಿನಲ್ಲಿ ಈ ಅನ್ಯಾಯಕ್ಕಾಗಿ ಕ್ಷಮೆ ಯಾಚಿಸಿದರು.

ಕೋಮಗಾಟ ಮಾರುವಿನ ಪ್ರಯಾಣಿಕರು ಮೊದಲನೆಯ ಹೊಸ್ತಿಲಿನಲ್ಲಿಯೇ ತಡೆಯಲ್ಪಟ್ಟರು. ಒಳಗೆ ಬಂದು, ದುಡಿದು, ಸೈನ್ಯದಲ್ಲಿ ಸೇವೆಯನ್ನೂ ಮಾಡಿ, ಕೊನೆಯ ಹೊಸ್ತಿಲಿನಲ್ಲಿ ತಡೆಯಲ್ಪಟ್ಟವರು ಭಗತ್ ಸಿಂಗ್ ಥಿಂದ್. ಇವರು ಸ್ವಾತಂತ್ರ್ಯಕ್ಕಾಗಿ ಗಲ್ಲಿಗೇರಿದ ಭಗತ್ ಸಿಂಗ್ ಅಲ್ಲ. ೧೮೯೨ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯಲ್ಲಿ ಜನಿಸಿದ ಬೇರೊಬ್ಬ ವ್ಯಕ್ತಿ. ೧೯೧೩ರಲ್ಲಿ ಅವರು ವಿದ್ಯಾರ್ಜನೆಗಾಗಿ ಅಮೆರಿಕಕ್ಕೆ ಹೋದರು. ಆರೆಗಾನ್ ಸಂಸ್ಥಾನದ ಮರದ ಕಾರ್ಖಾನೆಗಳಲ್ಲಿ ಕೂಲಿ ಮಾಡಿದರು. ೧೯೧೮ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯವನ್ನು ಸೇರಿದರು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಗೌರವದಿಂದ ಬಿಡುಗಡೆ ಹೊಂದಿದರು. ಆಗಲೇ ಅವರಿಗೆ ಪೌರತ್ವವೂ ದೊರೆಯಿತು. ಆದರೆ ನಾಲ್ಕೇ ದಿನಗಳಲ್ಲಿ ಅಧಿಕಾರಿಗಳು ಅದನ್ನು ಕಿತ್ತುಕೊಂಡರು. ಥಿಂದ್ ಅವರು ಎದೆಗುಂದದೆ ಆರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿದರು. ೧೯೨೦ರಲ್ಲಿ ಅಲ್ಲಿಯ ನ್ಯಾಯಾಲಯ ಅವರಿಗೆ ಎರಡನೆಯ ಬಾರಿ ಪೌರತ್ವವನ್ನು ನೀಡಿತು. ಸರಕಾರವು ಇದರ ವಿರುದ್ಧ ಮೇಲ್ಮನವಿ ಸಲ್ಲಿಸಿತು.

ಈ ವ್ಯಾಜ್ಯದ ಮೂಲವಿದ್ದುದು ೧೭೯೦ರ ಒಂದು ಕಾಯಿದೆಯಲ್ಲಿ. ಪರದೇಶದಿಂದ ಬಂದವರಲ್ಲಿ 'ಸ್ವತಂತ್ರರಾದ ಬಿಳಿಯ ಜನ' ಮಾತ್ರ ಅಮೆರಿಕದ ಪೌರರಾಗಬಹುದೆಂದು ಆ ಕಾಯಿದೆ ವಿಧಿಸಿತ್ತು. ಅಲ್ಲಿಯ ಅಂತರ್ಯುದ್ಧವು ಮುಗಿದ ಬಳಿಕ, ೧೮೭೦ರಲ್ಲಿ, ಆಫ್ರಿಕ ಮೂಲದವರಿಗೂ ಈ ಹಕ್ಕು ವಿಸ್ತರಿಸಲ್ಪಟ್ಟಿತು. ಏಷ್ಯದವರು ಮಾತ್ರ ಎರಡು ಗುಂಪಿಗೂ ಸೇರದೆ ಹೊರಗುಳಿದರು.

ಹಾಗಾದರೆ 'ಬಿಳಿಯ' ಎಂದರೆ ಯಾರು? ೧೯೨೨ರ ನವೆಂಬರ್ ತಿಂಗಳಲ್ಲಿ ತಕಾವೊ ಒಜಾವಾ ಎಂಬ ಜಪಾನೀಯರ ಮೊಕದ್ದಮೆಯಲ್ಲಿ ಈ ಪ್ರಶ್ನೆಯು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಒಜಾವಾ ಇಪ್ಪತ್ತು ವರ್ಷಗಳ ಕಾಲ ಅಮೆರಿಕದಲ್ಲಿ ಬಾಳಿದವರು, ಅಲ್ಲಿಯೇ ಓದಿದವರು, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡುತ್ತಿದ್ದವರು. ನ್ಯಾಯಾಲಯವು ಬಿಳಿಯರೆಂದರೆ ಕಾಕೇಸಿಯನ್ ಜನಾಂಗದವರು, ಜಪಾನೀಯರು ಆ ಜನಾಂಗಕ್ಕೆ ಸೇರಿದವರಲ್ಲ ಎಂದು ಹೇಳಿ ಅವರ ಬೇಡಿಕೆಯನ್ನು ತಳ್ಳಿಹಾಕಿತು.

ಥಿಂದ್ ಅವರಿಗೆ ಈ ತೀರ್ಪು ಅನುಕೂಲವಾಗಿ ಕಂಡಿತು. ಉತ್ತರ ಭಾರತದವರನ್ನು ಕಾಕೇಸಿಯನ್ ವರ್ಗಕ್ಕೆ ಸೇರಿಸುವುದು ಅಂದಿನ ಪಂಡಿತರ ವಾಡಿಕೆಯಾಗಿತ್ತು. ಕಾಕೇಸಿಯನ್ನರೆಲ್ಲರೂ ಬಿಳಿಯರಾದರೆ ಭಾರತೀಯನೇಕೆ ಆಗಬಾರದು? ಅವರ ಪರವಾಗಿ ಹೀಗೆ ವಾದಿಸಲಾಯಿತು. ಅಷ್ಟಕ್ಕೇ ನಿಲ್ಲದೆ, ಥಿಂದ್ ಅವರು ಆರ್ಯವಂಶದ ಮೇಲ್ಜಾತಿಯವರು, ಜಾತಿಯ ಕಟ್ಟುಪಾಡಿನಿಂದ ಅವರ ರಕ್ತ ಶುದ್ಧವಾಗಿ ಉಳಿದಿದೆ ಎಂದೂ ಹೇಳಲಾಯಿತು. ಈ ವಾದದಲ್ಲಿದ್ದ ದೋಷವನ್ನು ಮರೆಮಾಚಬಾರದು. ಎಲ್ಲ ಮನುಷ್ಯರೂ ಸಮಾನರೆಂದು ಹೇಳಿ ಹಕ್ಕನ್ನು ಕೇಳುವ ಬದಲು, ತಾನು ಇತರರಿಗಿಂತ ಮೇಲಿನವನೆಂದು ತೋರಿಸಿ ಹಕ್ಕನ್ನು ಕೇಳಿದಂತಾಯಿತು.

೧೯೨೩ರ ಫೆಬ್ರುವರಿ ೧೯ರಂದು ತೀರ್ಪು ಹೊರಬಿದ್ದಿತು. ಒಜಾವಾ ಅವರ ತೀರ್ಪನ್ನು ಬರೆದಿದ್ದ ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್ ಅವರೇ ಇದನ್ನೂ ಬರೆದರು. ಪಂಡಿತರ ವರ್ಗೀಕರಣ ಹೇಗಾದರೂ ಇರಲಿ, 'ಬಿಳಿಯ' ಎಂಬ ಮಾತಿಗೆ ಸಾಮಾನ್ಯ ಮನುಷ್ಯನು ಮಾಡುವ ಅರ್ಥವೇ ಪ್ರಮಾಣ. ಅಂತಹವನ ದೃಷ್ಟಿಯಲ್ಲಿ ಭಾರತೀಯನು ಬಿಳಿಯನಲ್ಲ ಎಂಬುದು ಅವರ ನಿರ್ಣಯವಾಗಿತ್ತು. ಮೂರು ತಿಂಗಳ ಹಿಂದೆ ಶಾಸ್ತ್ರದ ವರ್ಗೀಕರಣವನ್ನು ಹಿಡಿದು ಜಪಾನೀಯರನ್ನು ಹೊರಗಿಟ್ಟ ನ್ಯಾಯಾಲಯವು, ಈಗ ಅದೇ ವರ್ಗೀಕರಣವನ್ನು ಬದಿಗೊತ್ತಿ ಭಾರತೀಯರನ್ನು ಹೊರಗಿಟ್ಟಿತು. ಅಳೆಯುವ ಕೋಲು ಬದಲಾಯಿತು. ಫಲ ಮಾತ್ರ ಬದಲಾಗಲಿಲ್ಲ.

ತೀರ್ಪಿನ ಪರಿಣಾಮ ಒಬ್ಬರಿಗೆ ಸೀಮಿತವಾಗಲಿಲ್ಲ. ಅದಾಗಲೇ ಪೌರತ್ವವನ್ನು ಪಡೆದಿದ್ದ ಹತ್ತಾರು ಭಾರತೀಯರಿಂದ ಸರಕಾರವು ಅದನ್ನು ಹಿಂದಕ್ಕೆ ಪಡೆಯಿತು. ಕ್ಯಾಲಿಫೋರ್ನಿಯದಲ್ಲಿ ೧೯೧೩ರ ಕಾಯಿದೆಯಂತೆ ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಕೃಷಿಭೂಮಿಯ ಒಡೆಯರಾಗುವಂತಿರಲಿಲ್ಲ. ಹೀಗಾಗಿ ಪೌರತ್ವದೊಡನೆ ನೆಲವೂ ಕೈಬಿಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋ ದಾಸ್ ಬಗಾಯ್ ಅವರು ೧೯೨೧ರಲ್ಲಿ ಅಮೆರಿಕದ ಪೌರರಾಗಿದ್ದರು. ಬ್ರಿಟಿಷ್ ಪ್ರಜೆಯೆಂಬ ಸ್ಥಾನವನ್ನು ತ್ಯಜಿಸಿದ್ದರು. ತೀರ್ಪಿನ ತರುವಾಯ ಅವರು ಯಾವ ದೇಶಕ್ಕೂ ಸೇರದವರಾದರು. ಭಾರತಕ್ಕೊಮ್ಮೆ ಬಂದುಹೋಗಬೇಕೆಂದು ಪಾಸ್‌ಪೋರ್ಟನ್ನು ಕೇಳಿದಾಗ ಅಮೆರಿಕ ಅದನ್ನು ಕೊಡಲಿಲ್ಲ. ಮಡದಿ ಮಕ್ಕಳೊಡನೆ ಹೊಸ ನಾಡನ್ನು ನಂಬಿ ಬಂದಿದ್ದ ಅವರ ಬಾಳು ಅದೇ ನೋವಿನಲ್ಲಿ, ೧೯೨೮ರಲ್ಲಿ, ದುರಂತವಾಗಿ ಕೊನೆಗೊಂಡಿತು.

ಇನ್ನೊಬ್ಬರು ಕಾನೂನನ್ನೇ ಆಯುಧವಾಗಿ ಹಿಡಿದು ನಿಂತರು. ಥಿಂದ್ ಅವರ ವಕೀಲರಾಗಿದ್ದ ಸಖಾರಾಮ ಗಣೇಶ ಪಂಡಿತರು ತಾವೇ ೧೯೧೪ರಲ್ಲಿ ಪೌರತ್ವವನ್ನು ಪಡೆದವರು. ಸರಕಾರವು ಅವರ ಪೌರತ್ವವನ್ನೂ ರದ್ದುಪಡಿಸಲು ಮುಂದಾಯಿತು. ಸರಕಾರದ ಮಾತನ್ನು ನಂಬಿ ತಾವು ವಕೀಲಿ ವೃತ್ತಿಯನ್ನು ಹಿಡಿದು, ಮದುವೆಯಾಗಿ, ಮನೆ ಮಾಡಿಕೊಂಡಿರುವಾಗ, ಒಮ್ಮೆ ಇತ್ಯರ್ಥವಾದ ವಿಷಯವನ್ನು ಇಷ್ಟು ಕಾಲದ ಮೇಲೆ ಕೆದಕುವುದು ನ್ಯಾಯವಲ್ಲವೆಂದು ಅವರು ವಾದಿಸಿದರು. ೧೯೨೬ರಲ್ಲಿ ಮೇಲ್ಮನವಿ ನ್ಯಾಯಾಲಯವು ಅವರ ಪರವಾಗಿ ತೀರ್ಮಾನಿಸಿತು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಆ ತೀರ್ಮಾನದಲ್ಲಿ ಕೈಹಾಕಲು ನಿರಾಕರಿಸಿತು. ಉಳಿದ ಭಾರತೀಯರ ಮೇಲಿನ ಇಂತಹ ಮೊಕದ್ದಮೆಗಳನ್ನು ಸರಕಾರ ಕೈಬಿಟ್ಟಿತು.

ಥಿಂದ್ ಅವರ ಕಥೆಯೂ ಸೋಲಿನಲ್ಲಿ ಮುಗಿಯಲಿಲ್ಲ. ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಏಷ್ಯದ ಸೈನಿಕರೂ ಪೌರರಾಗಬಹುದೆಂದು ೧೯೩೫ರಲ್ಲಿ ಕಾಯಿದೆಯಾಯಿತು. ಮರುವರ್ಷ ಅವರು ಮೂರನೆಯ ಬಾರಿ ಪೌರತ್ವವನ್ನು ಪಡೆದರು. ಈ ಬಾರಿ ಅದನ್ನು ಯಾರೂ ಕಸಿದುಕೊಳ್ಳಲಿಲ್ಲ.

ಎಲ್ಲ ಭಾರತೀಯರಿಗೂ ಬಾಗಿಲು ತೆರೆದುದು ೧೯೪೬ರ ಜುಲೈ ೨ರಂದು. ಅಂದು ಅಧ್ಯಕ್ಷ ಟ್ರೂಮನ್ ಅವರು ಸಹಿ ಮಾಡಿದ ಕಾಯಿದೆಯು ಭಾರತೀಯರಿಗೂ ಫಿಲಿಪೈನ್ಸ್ ದ್ವೀಪಗಳ ಜನರಿಗೂ ಪೌರರಾಗುವ ಹಕ್ಕನ್ನು ನೀಡಿತು. ಆದರೆ ಬಾಗಿಲು ತೆರೆದುದು ಬೆರಳಷ್ಟು ಮಾತ್ರ. ವರ್ಷಕ್ಕೆ ೧೦೦ ಮಂದಿ ಭಾರತೀಯರಷ್ಟೇ ನೆಲೆಸಲು ಬರಬಹುದಾಗಿತ್ತು.

ಬೆರಳಷ್ಟು ತೆರೆದ ಬಾಗಿಲಿನಿಂದ ಏನಾಗಬಲ್ಲದೆಂಬುದನ್ನು ದಲೀಪ್ ಸಿಂಗ್ ಸೌಂದ್ ಅವರು ತೋರಿಸಿಕೊಟ್ಟರು. ಪಂಜಾಬಿನಲ್ಲಿ ೧೮೯೯ರಲ್ಲಿ ಹುಟ್ಟಿದ ಅವರು ೧೯೨೦ರಲ್ಲಿ ಅಮೆರಿಕಕ್ಕೆ ಹೋಗಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಗಣಿತಶಾಸ್ತ್ರದ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಆದರೂ ಅವರು ಇಂಪೀರಿಯಲ್ ಕಣಿವೆಯಲ್ಲಿ ಒಕ್ಕಲುತನ ಮಾಡಿ ಬದುಕಬೇಕಾಯಿತು. ೧೯೪೯ರಲ್ಲಿ ಪೌರತ್ವ ದೊರೆತ ಕೂಡಲೆ ಅವರು ಸಾರ್ವಜನಿಕ ಜೀವನಕ್ಕೆ ಧುಮುಕಿದರು. ೧೯೫೦ರಲ್ಲಿ ಸ್ಥಳೀಯ ನ್ಯಾಯಾಧೀಶ ಪದವಿಗೆ ಚುನಾಯಿತರಾದರು. ಆದರೆ ಪೌರತ್ವ ಪಡೆದು ಒಂದು ವರ್ಷ ತುಂಬಿಲ್ಲವೆಂಬ ಕಾರಣದಿಂದ ಆ ಸ್ಥಾನವನ್ನು ಅವರಿಗೆ ನಿರಾಕರಿಸಲಾಯಿತು. ಎರಡು ವರ್ಷ ಕಾದು ಮತ್ತೆ ನಿಂತು ಗೆದ್ದರು. ೧೯೫೬ರಲ್ಲಿ ಅಮೆರಿಕದ ಸಂಸತ್ತಿನ ಪ್ರತಿನಿಧಿ ಸಭೆಗೆ ಆರಿಸಿಬಂದರು. ಆ ಸಭೆಯನ್ನು ಪ್ರವೇಶಿಸಿದ ಮೊದಲ ಭಾರತೀಯ ಮೂಲದವರು ಅವರೇ. ಹತ್ತು ವರ್ಷಗಳ ಹಿಂದೆ ಪೌರನಾಗಲೂ ಅನರ್ಹನೆಂದು ಕಾನೂನು ಹೇಳಿದ್ದ ವ್ಯಕ್ತಿಯು ಕಾನೂನನ್ನು ರಚಿಸುವ ಸಭೆಯಲ್ಲಿ ಕುಳಿತನು.

೧೯೫೨ರ ಕಾಯಿದೆಯು ಪೌರತ್ವಕ್ಕೆ ಜನಾಂಗದ ಅಡ್ಡಿಯನ್ನು ಸಂಪೂರ್ಣವಾಗಿ ತೆಗೆದುಹಾಕಿತು. ೧೯೬೫ರ ಅಕ್ಟೋಬರ್ ೩ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸಹಿಮಾಡಿದ ಕಾಯಿದೆಯು ಹುಟ್ಟಿದ ದೇಶವನ್ನು ನೋಡಿ ಸಂಖ್ಯೆಯನ್ನು ಹಂಚುವ ಹಳೆಯ ಪದ್ಧತಿಯನ್ನು ರದ್ದುಗೊಳಿಸಿತು. ಕುಟುಂಬದ ಸಂಬಂಧ ಮತ್ತು ವೃತ್ತಿಯ ನೈಪುಣ್ಯ ಇವೆರಡಕ್ಕೆ ಪ್ರಾಶಸ್ತ್ಯ ದೊರೆಯಿತು. ಭಾರತದ ವೈದ್ಯರು, ಇಂಜಿನಿಯರುಗಳು, ವಿಜ್ಞಾನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಅಲ್ಲಿಗೆ ಹೋದುದು ಇದರ ತರುವಾಯ.

ಬಣ್ಣವನ್ನು ನೋಡುವ ನಿಯಮ ಅಳಿಯಿತಾದರೂ ಹೊಸ್ತಿಲುಗಳು ಅಳಿಯಲಿಲ್ಲ. ಬೆಂಗಳೂರಿನ ಕಂಪ್ಯೂಟರ್ ತಂತ್ರಜ್ಞರಲ್ಲಿ ಬಹುಮಂದಿಗೆ ಪರಿಚಿತವಾಗಿರುವ 'ಎಚ್-೧ಬಿ' ಎಂಬ ಉದ್ಯೋಗ ವೀಸಾ ೧೯೯೦ರ ಕಾಯಿದೆಯಿಂದ ರೂಪುಗೊಂಡಿತು. ವಿಶೇಷ ವಿಷಯದಲ್ಲಿ ಪದವಿಯನ್ನು ಬಯಸುವ ಕೆಲಸಗಳಿಗೆ ಮಾತ್ರ ಇದು ದೊರೆಯುತ್ತದೆ. ಅರ್ಜಿ ಸಲ್ಲಿಸಬೇಕಾದವನು ಕೆಲಸಗಾರನಲ್ಲ, ಕೆಲಸ ಕೊಡುವ ಸಂಸ್ಥೆ. ಆ ಭಾಗದಲ್ಲಿ ಅಂತಹ ಕೆಲಸಕ್ಕೆ ಸಲ್ಲುವ ವೇತನಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಆ ಸಂಸ್ಥೆಯು ಸರಕಾರಕ್ಕೆ ಬರೆದುಕೊಡಬೇಕು. ವರ್ಷಕ್ಕೆ ೬೫,೦೦೦ ವೀಸಾಗಳೆಂದೂ, ಅಮೆರಿಕದಲ್ಲಿಯೇ ಉನ್ನತ ಪದವಿ ಪಡೆದವರಿಗೆ ಹೆಚ್ಚಿಗೆ ೨೦,೦೦೦ ಎಂದೂ ಮಿತಿಯಿದೆ. ಅವಧಿಯು ಮೊದಲು ಮೂರು ವರ್ಷ. ವಿಸ್ತರಿಸಿದರೆ ಸಾಮಾನ್ಯವಾಗಿ ಒಟ್ಟು ಆರು ವರ್ಷ. ಕೆಲಸ ಹೋಯಿತೆಂದರೆ ಹೆಚ್ಚೆಂದರೆ ಅರವತ್ತು ದಿನಗಳೊಳಗೆ ಬೇರೆ ದಾರಿಯನ್ನು ಹುಡುಕಬೇಕು, ಇಲ್ಲವೆ ದೇಶವನ್ನು ಬಿಡಬೇಕು.

ಮುಂದಿನ ಹೊಸ್ತಿಲು ಖಾಯಂ ನಿವಾಸದ ಹಕ್ಕು. ಇದರ ಗುರುತಿನ ಚೀಟಿಗೆ 'ಗ್ರೀನ್ ಕಾರ್ಡ್' ಎಂಬ ಹೆಸರು ರೂಢಿಯಲ್ಲಿದೆ. ಉದ್ಯೋಗದ ಆಧಾರದ ಮೇಲೆ ಕೊಡುವ ಈ ಹಕ್ಕಿನಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ಶೇಕಡ ಏಳಕ್ಕಿಂತ ಹೆಚ್ಚು ಪಾಲು ಸಲ್ಲುವುದಿಲ್ಲ. ಭಾರತದಿಂದ ಬರುವ ಅರ್ಜಿಗಳು ಬಹಳವಾದ್ದರಿಂದ ಅನೇಕರು ಹತ್ತು ವರ್ಷಕ್ಕೂ ಮಿಗಿಲಾಗಿ ಕಾಯುತ್ತಾರೆ. ಅಷ್ಟರಲ್ಲಿ ಅವರ ಮಕ್ಕಳು ಬೆಳೆಯುತ್ತಾರೆ. ತಂದೆತಾಯಿಗಳ ಆಶ್ರಯದಲ್ಲಿ ಪಡೆದ ವೀಸಾ ಇಪ್ಪತ್ತೊಂದು ವರ್ಷ ತುಂಬಿದೊಡನೆ ಮುಗಿಯುತ್ತದೆ. ಎಳೆಯ ವಯಸ್ಸಿನಲ್ಲಿ ಹೋಗಿ, ಆ ನಾಡಿನ ಶಾಲೆಯಲ್ಲಿಯೇ ಓದಿ, ಅಲ್ಲಿಯ ಮಾತನ್ನೇ ತನ್ನದಾಗಿಸಿಕೊಂಡ ಮಗುವು ಅಂದು ಇದ್ದಕ್ಕಿದ್ದಂತೆ ಹೊರಗಿನದಾಗುತ್ತದೆ. ಥಿಂದ್ ಅವರ ಕಾಲದ ಅನ್ಯಾಯಕ್ಕೂ ಇದಕ್ಕೂ ಭೇದವಿದೆ. ಇಲ್ಲಿ ಯಾರೂ ಬಣ್ಣವನ್ನು ನೋಡುವುದಿಲ್ಲ. ಆದರೂ ಲೆಕ್ಕದ ನಿಯಮವೊಂದು ಮನುಷ್ಯರ ಬಾಳನ್ನು ಹೇಗೆ ಹಿಡಿದಿಡಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ಖಾಯಂ ನಿವಾಸಿಯಾಗಿ ಸಾಮಾನ್ಯವಾಗಿ ಐದು ವರ್ಷಗಳನ್ನು ಕಳೆದವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಅವರಿಗೆ ಹದಿನೆಂಟು ವರ್ಷ ತುಂಬಿರಬೇಕು, ಐದು ವರ್ಷಗಳಲ್ಲಿ ಅರ್ಧದಷ್ಟು ಕಾಲವಾದರೂ ಆ ದೇಶದಲ್ಲಿದ್ದಿರಬೇಕು, ನಡತೆ ಒಳ್ಳೆಯದಾಗಿರಬೇಕು, ಇಂಗ್ಲಿಷಿನಲ್ಲಿ ಓದಲು, ಬರೆಯಲು, ಮಾತನಾಡಲು ಬರಬೇಕು. ಆ ದೇಶದ ಇತಿಹಾಸ ಮತ್ತು ರಾಜ್ಯವ್ಯವಸ್ಥೆಗಳನ್ನು ಕುರಿತ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೊನೆಯಲ್ಲಿ ಹಿಂದಿನ ರಾಷ್ಟ್ರನಿಷ್ಠೆಯನ್ನು ತೊರೆದು ಹೊಸ ನಾಡಿಗೆ ನಿಷ್ಠೆಯನ್ನು ಘೋಷಿಸುವ ಪ್ರಮಾಣವಚನವಿದೆ.

ಆ ಕ್ಷಣದಲ್ಲಿ ಭಾರತದ ಕಾನೂನೂ ತನ್ನ ಕೆಲಸವನ್ನು ಮಾಡುತ್ತದೆ. ೧೯೫೫ರ ನಮ್ಮ ಪೌರತ್ವ ಕಾಯಿದೆಯ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವವನ್ನು ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಅಂತಹವರಿಗಾಗಿ ೨೦೦೫ರಿಂದ 'ಸಾಗರೋತ್ತರ ಭಾರತೀಯ ಪೌರ' ಎಂಬ ಹೆಸರಿನ ನೋಂದಣಿಯ ಏರ್ಪಾಡಿದೆ. ಈ ಚೀಟಿಯುಳ್ಳವರು ವೀಸಾ ಇಲ್ಲದೆ ಭಾರತಕ್ಕೆ ಬಂದುಹೋಗಬಹುದು. ಆದರೆ ಮತದಾನ ಮಾಡುವಂತಿಲ್ಲ, ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ. ಹೆಸರಿನಲ್ಲಿ ಪೌರರೆಂದಿದ್ದರೂ ಅದು ಪೂರ್ಣ ಪೌರತ್ವವಲ್ಲ.

ಭಾರತವೂ ತನ್ನ ಬಾಗಿಲಿಗೆ ಬಂದವರಿಗೆ ನಿಬಂಧನೆಗಳನ್ನು ಹಾಕಿದೆ. ದೀರ್ಘಕಾಲದ ವಾಸದಿಂದ ಭಾರತೀಯನಾಗಬಯಸುವ ಪರದೇಶೀಯನು ಸಾಮಾನ್ಯವಾಗಿ ಹನ್ನೆರಡು ವರ್ಷಗಳ ವಾಸವನ್ನು ತೋರಿಸಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಒಂದನ್ನಾದರೂ ಸಾಕಷ್ಟು ಬಲ್ಲವನಾಗಿರಬೇಕು. ಕನ್ನಡವೂ ಆ ಭಾಷೆಗಳಲ್ಲಿ ಒಂದು. ನೆಲೆಸಿದ ನಾಡಿನ ಮಾತನ್ನು ಕಲಿತವನೇ ಆ ನಾಡಿನವನಾಗಬಲ್ಲನೆಂಬ ತತ್ತ್ವ ಇದರಲ್ಲಿ ಅಡಗಿದೆ.

ಪರದೇಶಕ್ಕೆ ಹೋಗುವವರೆಲ್ಲರೂ ಪದವೀಧರರಲ್ಲ. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಅನೇಕ ಕುಟುಂಬಗಳವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಎಷ್ಟು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವ ದೊರೆಯುವುದು ತೀರ ವಿರಳ. ಹೀಗೆ ಹೋಗುವವರು ದಲ್ಲಾಳಿಗಳ ವಂಚನೆಗೆ ಸಿಕ್ಕಬಾರದೆಂದು ೧೯೮೩ರ ವಲಸೆ ಕಾಯಿದೆಯನ್ನು ರಚಿಸಲಾಯಿತು. ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾಗದವರು ಕೆಲವು ರಾಷ್ಟ್ರಗಳಿಗೆ ದುಡಿಮೆಗೆ ಹೋಗುವ ಮುನ್ನ ಸರಕಾರದ ಅಧಿಕಾರಿಯ ಅನುಮತಿ ಪಡೆಯಬೇಕೆಂಬ ಪದ್ಧತಿ ಈ ಕಾಯಿದೆಯ ಆಶ್ರಯದಲ್ಲಿ ಬಂದಿತು. ಬರೆದಿರುವ ಕರಾರನ್ನು ತಾನೇ ಓದಿ ಅರಿಯಬಲ್ಲವನಿಗೆ ವಿದ್ಯೆಯೇ ಒಂದು ರಕ್ಷಣೆಯೆಂಬುದು ಈ ಏರ್ಪಾಡಿನ ಹಿಂದಿರುವ ವಿವೇಕ.

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ಹೊಸ್ತಿಲನ್ನು ಕಾಯುವ ಅಧಿಕಾರವಿದೆ. ವಾಸದ ಅವಧಿ, ನಡತೆ, ಭಾಷೆ, ಕಾನೂನಿಗೆ ನಿಷ್ಠೆ ಇವುಗಳನ್ನು ಮನುಷ್ಯನು ಪ್ರಯತ್ನದಿಂದ ಪಡೆಯಬಹುದು. ಇವುಗಳನ್ನು ಕೇಳುವುದು ತಪ್ಪಲ್ಲ. ಆದರೆ ಮೈಬಣ್ಣ, ಕುಲ, ಹುಟ್ಟಿದ ಸ್ಥಳ ಇವು ಯಾವ ಪ್ರಯತ್ನದಿಂದಲೂ ಬದಲಾಗುವಂಥವಲ್ಲ. ಅವುಗಳನ್ನು ಅಳತೆಗೋಲಾಗಿ ಹಿಡಿದ ಕಾನೂನು ೧೫೬ ವರ್ಷಗಳ ಕಾಲ ಭಾರತೀಯರನ್ನು ಹೊರಗಿಟ್ಟಿತ್ತು. ಅದು ತಾನಾಗಿ ಬದಲಾಗಲಿಲ್ಲ. ನ್ಯಾಯಾಲಯದ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿದವರು, ಸೋತರೂ ಅರ್ಜಿಯನ್ನು ಮತ್ತೊಮ್ಮೆ ಬರೆದವರು ಅದನ್ನು ಬದಲಾಯಿಸಿದರು. ಹುಟ್ಟಿನಿಂದಲೇ ಪೌರತ್ವವನ್ನು ಪಡೆದವರು ಅದರ ಬೆಲೆಯನ್ನು ಅರಿಯಬೇಕಾದರೆ, ಅದಕ್ಕಾಗಿ ಹೊಸ್ತಿಲಿನ ಹೊರಗೆ ಕಾದು ನಿಂತವರ ಬಾಳನ್ನು ಒಮ್ಮೆ ನೆನೆಯಬೇಕು.

ಅಭ್ಯಾಸ

೧. ಪಾಸ್‌ಪೋರ್ಟು, ವೀಸಾ, ಪೌರತ್ವ ಇವುಗಳಿಗಿರುವ ವ್ಯತ್ಯಾಸವನ್ನು ಮನೆಯ ಹೋಲಿಕೆಯ ಸಹಾಯದಿಂದ ವಿವರಿಸಿ.

೨. ಕೆನಡದ ೧೯೦೮ರ ನಿಯಮದಲ್ಲಿ ಭಾರತದ ಹೆಸರಿಲ್ಲದಿದ್ದರೂ ಅದು ಭಾರತೀಯರನ್ನು ತಡೆದುದು ಹೇಗೆ?

೩. "ಅಳೆಯುವ ಕೋಲು ಬದಲಾಯಿತು, ಫಲ ಮಾತ್ರ ಬದಲಾಗಲಿಲ್ಲ." ಈ ಮಾತನ್ನು ಸಂದರ್ಭದೊಡನೆ ಸ್ಪಷ್ಟಪಡಿಸಿ.

೪. ಥಿಂದ್ ಅವರ ಪರವಾದ ವಾದದಲ್ಲಿದ್ದ ದೋಷ ಯಾವುದು? ಅವರು ಬೇರೆ ಯಾವ ಆಧಾರದ ಮೇಲೆ ಪೌರತ್ವವನ್ನು ಕೇಳಬಹುದಾಗಿತ್ತು?

೫. ಪರದೇಶೀಯನೊಬ್ಬನು ಭಾರತದ ಪೌರನಾಗಲು ಇರುವ ನಿಬಂಧನೆಗಳಲ್ಲಿ ಭಾಷೆಯ ಸ್ಥಾನವೇನು? ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.